ಹವ್ಯಾಸಿ ಓಟಗಾರರ ಮಾರತ್ತಹಳ್ಳಿ

ಹವ್ಯಾಸಿ ಓಟಗಾರರೆಂದರೆ ಗೆಲ್ಲುವ ಲೆಕ್ಕಾಚಾರವಿಲ್ಲದೆ ಓಡುವವರು. ಬಹುಮಾನದ ಹಣ, ಕ್ರೀಡಾ ಕೋಟಾದ ನೌಕರಿ ಇವೆಲ್ಲ ಅವರ ದಾರಿಯಲ್ಲಿಲ್ಲ. ವಾರಕ್ಕೆ ಮೂರು ನಾಲ್ಕು ದಿನ ಬೆಳಿಗ್ಗೆ ಎದ್ದು ಐದಾರು ಕಿ.ಮೀ. ಓಡುತ್ತಾರೆ, ಭಾನುವಾರ ಇನ್ನಷ್ಟು ದೂರ ಹೋಗುತ್ತಾರೆ, ಒಂಬತ್ತು ಗಂಟೆಗೆ ಎಲ್ಲರಂತೆ ಕೆಲಸಕ್ಕೆ ಕೂರುತ್ತಾರೆ. ಬೆಂಗಳೂರಿನ ಪೂರ್ವಕ್ಕೆ, ಹಳೇ ಏರ್‌ಪೋರ್ಟ್ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಮಾರತ್ತಹಳ್ಳಿಯಲ್ಲಿ ಇಂಥವರು ಬೇಕಾದಷ್ಟು ಜನ ಇದ್ದಾರೆ. ಓಟಕ್ಕೆ ಹೇಳಿ ಮಾಡಿಸಿದ ಊರು ಇದಲ್ಲ. ಹಗಲು ಹೊತ್ತು ಇಲ್ಲಿ ರಸ್ತೆ ದಾಟುವುದೇ ಒಂದು ಸಾಹಸ. ಆದರೂ ಇಲ್ಲಿ ಓಟ ಬೇರುಬಿಟ್ಟಿದೆ. ಇಲ್ಲಿಯವರ ಅಭ್ಯಾಸ, ಸಂತೋಷ, ಗುರಿಗಳು ರೂಪುಗೊಂಡಿರುವುದು ಈ ಊರಿನ ಹೊತ್ತಿಗೂ ದಾರಿಗೂ ತಕ್ಕಂತೆ.

ಮೊದಲ ಪ್ರಶ್ನೆ ಹೊತ್ತಿನದು. ಮಾರತ್ತಹಳ್ಳಿಯಲ್ಲಿ ರಸ್ತೆ ಓಟಗಾರರ ಕೈಗೆ ಸಿಗುವುದು ಬೆಳಗಿನ ಐದರಿಂದ ಹೆಚ್ಚೆಂದರೆ ಆರೂವರೆಯವರೆಗೆ. ರಾತ್ರಿ ಪಾಳಿ ಮುಗಿಸಿದವರನ್ನು ಮನೆಗೆ ಬಿಡುವ ಕ್ಯಾಬುಗಳು ಆಗ ಕೊನೆಯ ಸುತ್ತಿನಲ್ಲಿರುತ್ತವೆ, ಹಾಲಿನ ಬೂತಿನ ಮುಂದೆ ನಂದಿನಿ ಕ್ರೇಟುಗಳು ಇಳಿಯುತ್ತಿರುತ್ತವೆ, ಹೆಬ್ಬಾಳದ ಕಡೆಯಿಂದ ಸಿಲ್ಕ್ ಬೋರ್ಡಿಗೆ ಹೋಗುವ 500ಡಿ ಬಸ್ಸಿನಲ್ಲಿ ಕೂರಲು ಸೀಟು ಸಿಗುತ್ತದೆ. ಏಳಾಯಿತೆಂದರೆ ಶಾಲೆಯ ವ್ಯಾನುಗಳು, ಎಂಟಾಯಿತೆಂದರೆ ಐಟಿ ಕಂಪನಿಗಳ ದಟ್ಟಣೆ. ಜನವರಿಯಲ್ಲಿ ಬೆಂಗಳೂರಿಗೆ ಸೂರ್ಯ ಕಾಣುವುದು ಹೆಚ್ಚುಕಡಿಮೆ ಆರೂ ಮುಕ್ಕಾಲಿಗೆ. ಮೇ ಕೊನೆಯಲ್ಲಿ ಆರಕ್ಕೂ ಮೊದಲು. ಹಾಗಾಗಿ ಚಳಿಗಾಲದ ಓಟ ಪೂರ್ತಿ ಬೀದಿದೀಪದ ಬೆಳಕಿನಲ್ಲೇ ಮುಗಿಯುತ್ತದೆ. ಬೇಸಿಗೆಯಲ್ಲಿ ಬೆಳಕು ಬೇಗ ಬಂದರೂ ಬಿಸಿಲೂ ಅದರ ಬೆನ್ನಿಗೇ ಬರುತ್ತದೆ.

ಬೆಳಗಿನ ಐದು ಗಂಟೆ ನಿರ್ಧಾರವಾಗುವುದು ಹಿಂದಿನ ರಾತ್ರಿ ಹತ್ತಕ್ಕೆ. ಅಮೆರಿಕದವರ ಜೊತೆ ತಡರಾತ್ರಿಯ ಕಾಲ್ ಇದ್ದವರಿಗೆ ಈ ಹವ್ಯಾಸ ನಿಜಕ್ಕೂ ಕಷ್ಟದ್ದು. ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುವುದನ್ನು ಒಂದೆರಡು ವಾರ ಹಠಕ್ಕೆ ಬಿದ್ದು ಮಾಡಬಹುದು. ಆಮೇಲೆ ದೇಹ ಸಾಲ ವಸೂಲಿಗೆ ಬರುತ್ತದೆ. ಅನುಭವಿಗಳು ಇಲ್ಲಿ ಒಂದು ಹೊಂದಾಣಿಕೆ ಕಂಡುಕೊಂಡಿದ್ದಾರೆ. ಕಾಲ್ ಇರುವ ರಾತ್ರಿಯ ಮರುದಿನ ಓಟಕ್ಕೆ ರಜೆ, ಇಲ್ಲದ ದಿನಗಳಲ್ಲಿ ತಪ್ಪದೆ ಓಟ. ವಾರದ ದೂರ ನಾಲ್ಕು ಕಿ.ಮೀ. ಕಡಿಮೆಯಾದರೂ ಚಿಂತೆಯಿಲ್ಲ, ನಿದ್ದೆ ಕೆಡಬಾರದು ಎಂಬುದು ಅವರ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇದೆ. ಓಟದಿಂದ ಸಣ್ಣಪುಟ್ಟ ಪೆಟ್ಟು ತಿಂದ ಸ್ನಾಯುಗಳು ರಿಪೇರಿಯಾಗಿ ಗಟ್ಟಿಯಾಗುವುದಕ್ಕೆ ನಿದ್ದೆ ಬೇಕೇ ಬೇಕು.

ಹೊರಡುವ ಸಿದ್ಧತೆಯಲ್ಲಿ ಒಂದು ಶಿಸ್ತಿದೆ. ಟೀ ಶರ್ಟು, ಶಾರ್ಟ್ಸು, ಕಾಲುಚೀಲ ಹಿಂದಿನ ರಾತ್ರಿಯೇ ಕುರ್ಚಿಯ ಮೇಲೆ ಬಿದ್ದಿರುತ್ತವೆ, ಕತ್ತಲಲ್ಲಿ ಬೀರು ತೆರೆದು ಮನೆಯವರ ನಿದ್ದೆ ಕೆಡಿಸಬಾರದಲ್ಲ. ಅಲಾರಾಂ ಮೊದಲ ಸದ್ದಿಗೇ ಆಫ್. ಅಡುಗೆಮನೆಯಲ್ಲಿ ಅರ್ಧ ಲೋಟ ನೀರು, ಬೇಕಿದ್ದವರಿಗೆ ಒಂದು ಏಲಕ್ಕಿ ಬಾಳೆಹಣ್ಣು. ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಕೂತು ಶೂ ಕಟ್ಟುವ ಕೆಲಸ ಮಾತ್ರ ನಿಧಾನದ್ದು. ಲೇಸು ಕೆಳಗಿನ ತೂತಿನಿಂದ ಒಂದೊಂದಾಗಿ ಬಿಗಿಯುತ್ತ ಬರಬೇಕು. ಪಾದದ ಮೇಲ್ಭಾಗದಲ್ಲಿ ತುಸು ಸಡಿಲ, ಹಿಮ್ಮಡಿಯ ಹತ್ತಿರ ಭದ್ರ. ಡಬಲ್ ಗಂಟು ಹಾಕಿ, ಉಳಿದ ತುದಿಯನ್ನು ಲೇಸಿನ ಅಡಿಗೇ ಸಿಕ್ಕಿಸಬೇಕು. ಆಮೇಲೆ ಒಮ್ಮೆ ಎದ್ದು ನಿಂತು ಬೆರಳುಗಳನ್ನು ಆಡಿಸಿ ನೋಡುತ್ತಾರೆ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇದ್ದರೆ ಸರಿ, ಇಲ್ಲದಿದ್ದರೆ ಹತ್ತು ಕಿ.ಮೀ. ಆಗುವಷ್ಟರಲ್ಲಿ ಉಗುರು ಕಪ್ಪಾಗುತ್ತದೆ. ಪಾದ ಓಡುತ್ತ ಓಡುತ್ತ ಊದಿಕೊಳ್ಳುವುದರಿಂದ ಓಟದ ಶೂವನ್ನು ಮಾಮೂಲಿ ಅಳತೆಗಿಂತ ಅರ್ಧ ಸೈಜು ದೊಡ್ಡದಾಗಿ ಕೊಳ್ಳುವುದು ವಾಡಿಕೆ.

ಇನ್ನು ದಾರಿ. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಮುರುಗೇಶ್‌ಪಾಳ್ಯದ ದಿಕ್ಕಿಗೆ, ಎಚ್‌ಎಎಲ್ ಪಕ್ಕದಲ್ಲಿ ಸಾಗುವ ದಾರಿ ಹಳಬರಿಗೆ ಪ್ರಿಯ. 1940ರಲ್ಲಿ ಶುರುವಾದ ಈ ವಿಮಾನ ಕಾರ್ಖಾನೆಯ ರನ್‌ವೇ 2008ರ ಮೇ ತಿಂಗಳವರೆಗೆ ಬೆಂಗಳೂರಿಗೆ ಬರುವ ಎಲ್ಲ ಪ್ರಯಾಣಿಕ ವಿಮಾನಗಳನ್ನೂ ಇಳಿಸಿಕೊಳ್ಳುತ್ತಿತ್ತು. ಪ್ರಯಾಣಿಕರು ದೇವನಹಳ್ಳಿಯ ಕಡೆಗೆ ಹೋದರು, ರಸ್ತೆಗೆ ಹಳೇ ಹೆಸರು ಉಳಿಯಿತು. ಕಾಂಪೌಂಡಿನ ಉದ್ದಕ್ಕೂ ಅಡ್ಡರಸ್ತೆಗಳು ಕಡಿಮೆ. ಓಟಗಾರರಿಗೆ ಇದು ದೊಡ್ಡ ಉಪಕಾರ, ಏಕೆಂದರೆ ಅಡ್ಡರಸ್ತೆ ಬಂದಲ್ಲೆಲ್ಲ ಲಯ ಕಡಿಯುತ್ತದೆ.

ಕೆರೆಗಳ ದಾರಿ ಇನ್ನೊಂದು. ಬೆಂಗಳೂರಿನ ಪೂರ್ವ ಭಾಗ ಕೆರೆಗಳ ಸರಪಳಿಯ ಮೇಲೆ ಕೂತಿದೆ. ಮೇಲಿನ ಕೆರೆ ತುಂಬಿದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ಮಾರತ್ತಹಳ್ಳಿಯ ಸುತ್ತ ದೊಡ್ಡನೆಕ್ಕುಂದಿ, ಕುಂದಲಹಳ್ಳಿ, ವಿಭೂತಿಪುರ ಕೆರೆಗಳಿವೆ. ತುಸು ದೂರದಲ್ಲಿ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ. 2010ರ ಆಸುಪಾಸಿನಲ್ಲಿ ಸುತ್ತಲಿನ ನಿವಾಸಿಗಳೂ ಬಿಬಿಎಂಪಿಯೂ ಸೇರಿ ಈ ಕೆರೆಗೆ ಮರುಜೀವ ಕೊಟ್ಟರು. ಸುತ್ತ ಮಣ್ಣಿನ ದಾರಿ ಬಂತು, ಹಕ್ಕಿಗಳು ಬಂದವು. ಊರಿನ ಜನ ಒಂದು ಕೆರೆಗಾಗಿ ಒಟ್ಟಾಗಿ ನಿಂತರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಭಾಗದಲ್ಲಿಲ್ಲ. ಇತ್ತ ಯಮಲೂರಿನ ಪಕ್ಕದ ಬೆಳ್ಳಂದೂರು ಕೆರೆ ನಗರದ ಅತಿ ದೊಡ್ಡ ಕೆರೆ. ನೊರೆ ಉಕ್ಕಿ, ಬೆಂಕಿ ಹತ್ತಿ ದೇಶದೆಲ್ಲೆಡೆ ಸುದ್ದಿಯಾದದ್ದೂ ಅದೇ. ಗಾಳಿ ಆ ಕಡೆಯಿಂದ ಬೀಸಿದ ದಿನ ಓಟಗಾರರು ದಾರಿ ಬದಲಿಸುತ್ತಾರೆ. ಕೆರೆಯ ಆರೋಗ್ಯವನ್ನು ದಿನವೂ ಉಸಿರಿನಲ್ಲಿ ಅಳೆಯುವ ಇವರು ಕೆರೆಯ ವಿಷಯದಲ್ಲಿ ಇನ್ನೂ ಜೋರಾಗಿ ದನಿಯೆತ್ತಬೇಕು.

ಮಣ್ಣಿನ ದಾರಿಯ ಮೇಲೆ ಓಡುವುದೆಂದರೆ ಕಾಲಿಗೆ ಹಬ್ಬ. ಡಾಂಬರಿಗಿಂತ ಅದು ಮೃದು. ಅಲ್ಲಲ್ಲಿ ಏರಿಳಿತ ಇರುವುದರಿಂದ ಪ್ರತಿ ಹೆಜ್ಜೆಯೂ ತುಸು ಬೇರೆಯಾಗಿ ಬಿದ್ದು ಕಣಕಾಲು ಗಟ್ಟಿಯಾಗುತ್ತದೆ. ಏರುದಾರಿ ಬೇಕೆಂದರೆ ಮಾರತ್ತಹಳ್ಳಿಯಲ್ಲಿ ಗುಡ್ಡವಿಲ್ಲ. ಅದಕ್ಕೆ ಉಪಾಯ, ಮಾರತ್ತಹಳ್ಳಿ ಬ್ರಿಡ್ಜಿನ ಇಳಿಜಾರು. ವಾಹನಗಳು ಕಡಿಮೆ ಇರುವಾಗ ಆ ಏರನ್ನು ಐದಾರು ಬಾರಿ ಹತ್ತಿ ಇಳಿದರೆ ತೊಡೆಗೂ ಮೀನಖಂಡಕ್ಕೂ ಸಾಕಷ್ಟು ಕೆಲಸ. ತಿಂಗಳಿಗೊಮ್ಮೆ ಕಾರು ಮಾಡಿಕೊಂಡು ನಂದಿಬೆಟ್ಟಕ್ಕೆ ಹೋಗುವವರೂ ಉಂಟು. ಹೊರವರ್ತುಲ ರಸ್ತೆಯ ಸರ್ವಿಸ್ ರೋಡು ಒಂದು ಕಾಲಕ್ಕೆ ಓಟಕ್ಕೆ ಅನುಕೂಲವಾಗಿತ್ತು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಮೆಟ್ರೋ ಕೆಲಸ ಶುರುವಾದ ಮೇಲೆ ಬ್ಯಾರಿಕೇಡು, ದೂಳುಗಳ ನಡುವೆ ಅದನ್ನು ಬಹುತೇಕರು ಬಿಟ್ಟರು.

ಬೀದಿನಾಯಿಗಳ ವಿಷಯದಲ್ಲಿ ಎಲ್ಲ ಓಟಗಾರರೂ ಒಂದೇ ಮಾತು ಹೇಳುತ್ತಾರೆ: ಓಡಬೇಡಿ, ನಡೆಯಿರಿ, ಕಣ್ಣಿಗೆ ಕಣ್ಣು ಕೊಡಬೇಡಿ. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಬರುವುದು ನಾಯಿಯ ಜಾಯಮಾನ. ಒಂದೇ ಬೀದಿಯಲ್ಲಿ ಒಂದೇ ಹೊತ್ತಿಗೆ ಕೆಲವು ವಾರ ಕಾಣಿಸಿಕೊಂಡರೆ ಅವುಗಳಿಗೂ ಗುರುತು ಸಿಗುತ್ತದೆ, ಬೊಗಳುವುದು ತಾನಾಗಿ ನಿಲ್ಲುತ್ತದೆ.

ಓಟದ ಮೊದಲ ಒಂದೂವರೆ ಕಿ.ಮೀ. ಯಾರಿಗೂ ಸುಖದ್ದಲ್ಲ. ಉಸಿರು ಮೇಲೆ ಕೆಳಗೆ, ಕಾಲು ಭಾರ, ವಾಪಸ್ಸು ಹೋಗೋಣವೇ ಎಂಬ ಯೋಚನೆ. ಕಾರಣ ಸರಳ. ಸ್ನಾಯುಗಳು ಒಮ್ಮೆಲೇ ಆಮ್ಲಜನಕ ಕೇಳುತ್ತವೆ. ಹೃದಯ, ಶ್ವಾಸಕೋಶ, ರಕ್ತನಾಳಗಳು ಆ ಬೇಡಿಕೆಗೆ ಹೊಂದಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ಮೊದಲು ಐದು ನಿಮಿಷ ಬಿರುಸಾಗಿ ನಡೆದು ಆಮೇಲೆ ಓಡಲು ಶುರು ಮಾಡಿದರೆ ಈ ಸಂಕಟ ಅರ್ಧ ಇಳಿಯುತ್ತದೆ. ಎರಡನೇ ಕಿ.ಮೀ. ದಾಟಿದ ಮೇಲೆ ಉಸಿರು ಒಂದು ಲಯಕ್ಕೆ ಬರುತ್ತದೆ, ಹೆಜ್ಜೆಯ ಸದ್ದು ಸಮವಾಗುತ್ತದೆ, ಮೈ ಬೆವರಿ ಗಾಳಿ ತಂಪೆನಿಸುತ್ತದೆ. ಓಟದ ಮುಖ್ಯ ಸಂತೋಷ ಇರುವುದು ಈ ಹಂತದಲ್ಲಿ. ದೀರ್ಘ ಓಟದಲ್ಲಿ ಮನಸ್ಸು ಹಗುರಾಗುವುದಕ್ಕೆ ಎಂಡಾರ್ಫಿನ್ ಕಾರಣವೆಂದು ಬಹುಕಾಲ ಹೇಳುತ್ತಿದ್ದರು. ದೇಹವೇ ತಯಾರಿಸುವ ಎಂಡೋಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳ ಪಾತ್ರವೂ ಇದೆಯೆಂದು ಈಚಿನ ಸಂಶೋಧನೆಗಳು ಸೂಚಿಸುತ್ತವೆ. ಓಡುವವರಿಗೆ ಹೆಸರು ಯಾವುದಾದರೇನು, ಬೆಳಿಗ್ಗೆ ಓಡಿದ ದಿನ ಮಧ್ಯಾಹ್ನದ ಮೀಟಿಂಗಿನಲ್ಲಿ ಸಿಡುಕು ಕಡಿಮೆ ಎಂಬುದು ಅವರಿಗೆ ಗೊತ್ತು. ಮನೆಯವರಿಗೆ ಅದು ಇನ್ನೂ ಚೆನ್ನಾಗಿ ಗೊತ್ತು.

ಹೊಸಬರು ಮಾಡುವ ತಪ್ಪೆಂದರೆ ವೇಗ. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತ ಓಡಲು ಆಗಬೇಕು. ಏದುಸಿರಿನಲ್ಲಿ ಎರಡೇ ಪದ ಹೊರಡುತ್ತಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಒಲಿಂಪಿಕ್ ಚಾಂಪಿಯನ್ನರನ್ನು ತಯಾರು ಮಾಡಿದ್ದೂ, ಮಧ್ಯವಯಸ್ಕರನ್ನು ಜಾಗಿಂಗಿಗೆ ಎಳೆದದ್ದೂ ನಿಧಾನವಾಗಿ ಬಹುದೂರ ಓಡಿಸುವ ಈ ತತ್ವದ ಮೇಲೆಯೇ. ಅವರಿಂದ ಕಲಿತ ಅಮೆರಿಕದ ಬಿಲ್ ಬೋವರ್‌ಮನ್ 1960ರ ದಶಕದಲ್ಲಿ ಜಾಗಿಂಗ್ ಎಂಬ ಅಭ್ಯಾಸವನ್ನು ಅಲ್ಲಿ ಹರಡಿದರು. 1968ರಲ್ಲಿ ವೈದ್ಯ ಕೆನೆತ್ ಕೂಪರ್ ಅವರ ‘ಏರೋಬಿಕ್ಸ್’ ಪುಸ್ತಕ ಬಂದ ಮೇಲೆ ಓಟ ಸಾಮಾನ್ಯ ಜನರ ಆರೋಗ್ಯದ ಮಾತಾಯಿತು.

ನಿಧಾನ ಏಕೆ ಬೇಕೆಂಬುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಪ್ರತಿ ಹೊಸಬರಿಗೂ ಕೂರಿಸಿ ಹೇಳಬೇಕು. ಓಡತೊಡಗಿದ ಐದಾರು ವಾರಗಳಲ್ಲಿ ಹೃದಯ, ಶ್ವಾಸಕೋಶಗಳು ಪಳಗುತ್ತವೆ. ಎಲುಬು, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹಾಗಾಗಿ ಉಸಿರು ‘ಇನ್ನೂ ಓಡು’ ಎನ್ನುವ ಹೊತ್ತಿಗೆ ಕಾಲು ಇನ್ನೂ ತಯಾರಾಗಿರುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ, ನಿಮಿಷಕ್ಕೆ ನೂರಾ ಅರವತ್ತು ಎಪ್ಪತ್ತು ಹೆಜ್ಜೆ. ಮುಂಗಾಲಿನ ಎಲುಬಿನ ನೋವು, ಹಿಮ್ಮಡಿ ನೋವು ಎರಡನೇ ಮೂರನೇ ತಿಂಗಳಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇದಕ್ಕೇ. ಆಗ ಓಟ ನಿಲ್ಲಿಸಿ ಒಂದೆರಡು ವಾರ ನಡೆಯುವುದಕ್ಕೂ ಧೈರ್ಯ ಬೇಕು. ಓಡುವುದಕ್ಕೆ ಬೇಕಾದ ಧೈರ್ಯಕ್ಕಿಂತ ಅದೇ ದೊಡ್ಡದು ಎಂದರೂ ತಪ್ಪಿಲ್ಲ.

ಮನೆಯ ಹಿರಿಯರ ಮಾತು ಬೇರೆ. ‘ಇಷ್ಟು ಓಡಿದ್ರೆ ಮಂಡಿ ಸವೆದುಹೋಗುತ್ತೆ ಕಣಪ್ಪ’ ಎಂದು ಊರಿಂದ ಬಂದ ಅತ್ತೆ ಮಾವಂದಿರು ಎಚ್ಚರಿಸದ ಮನೆಯಿಲ್ಲ. 2017ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯಲ್ಲಿ ಮಂಡಿ ಮತ್ತು ಸೊಂಟದ ಕೀಲುಗಳ ಸವೆತ ಹವ್ಯಾಸಿ ಓಟಗಾರರಲ್ಲಿ ಶೇ. 3.5ರಷ್ಟು, ಓಡದೆ ಕೂತು ಕೆಲಸ ಮಾಡುವವರಲ್ಲಿ ಶೇ. 10.2ರಷ್ಟು, ಸ್ಪರ್ಧೆಗಾಗಿಯೇ ಓಡುವವರಲ್ಲಿ ಶೇ. 13.3ರಷ್ಟು ಕಂಡುಬಂತು. ಓಟವೇ ಮಂಡಿಯನ್ನು ಕಾಪಾಡಿತು ಎಂದು ಇದರಿಂದ ಸಾಧಿಸಲಾಗದು. ಆದರೆ ಮಿತವಾಗಿ ಓಡುವವರು ಹೆದರಬೇಕಿಲ್ಲ ಎಂಬ ಸಮಾಧಾನವಂತೂ ಇದೆ. ಮೊದಲೇ ಮಂಡಿಗೆ ಪೆಟ್ಟಾದವರು ವೈದ್ಯರನ್ನು ಕೇಳಿಯೇ ಓಡಬೇಕು.

ಶೂ ಒಂದೇ ಈ ಹವ್ಯಾಸದ ದೊಡ್ಡ ಖರ್ಚು. ಐನೂರರಿಂದ ಎಂಟುನೂರು ಕಿ.ಮೀ. ಓಡುವಷ್ಟರಲ್ಲಿ ಅದರ ಅಡಿಯ ಮೆತ್ತೆ ಬಿಗುವು ಕಳೆದುಕೊಳ್ಳುತ್ತದೆ. ಮಾರತ್ತಹಳ್ಳಿ ಫ್ಯಾಕ್ಟರಿ ಔಟ್‌ಲೆಟ್‌ಗಳಿಗೆ ಹೆಸರಾದ ಜಾಗ. ಹಿಂದಿನ ವರ್ಷದ ಮಾಡೆಲ್ಲನ್ನು ರಿಯಾಯಿತಿಗೆ ಹುಡುಕಿ ಕೊಳ್ಳುವವರೇ ಇಲ್ಲಿ ಹೆಚ್ಚು. ಸವೆದ ಜೋಡಿ ಮಳೆಗಾಲದ ಕೆಸರಿಗೆ ಮೀಸಲು.

ಹೆಂಗಸರ ಓಟಕ್ಕೆ ಬೇರೆ ಲೆಕ್ಕಗಳಿವೆ. ಐದು ಗಂಟೆಯ ಖಾಲಿ ರಸ್ತೆ ಗಂಡಸರಿಗೆ ಅನುಕೂಲ, ಒಬ್ಬಂಟಿ ಹೆಂಗಸಿಗೆ ಅದೇ ಅಳುಕು. ಆದ್ದರಿಂದ ಇಬ್ಬರು ಮೂವರು ಜೊತೆಗೂಡಿ ಓಡುವುದು, ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗೇ ಸುತ್ತು ಹಾಕುವುದು, ವಾಟ್ಸಾಪಿನಲ್ಲಿ ‘ಹೊರಟೆ’, ‘ಬಂದೆ’ ಎಂದು ತಿಳಿಸುವುದು ರೂಢಿಯಾಗಿದೆ. ಇದರ ಜೊತೆಗೆ ಡಬ್ಬಿ ಕಟ್ಟುವ, ಮಕ್ಕಳನ್ನು ಎಬ್ಬಿಸುವ ಹೊತ್ತೂ ಅದೇ. ಗಂಡ ಏಳಕ್ಕೆ ದೋಸೆ ಹುಯ್ಯಲು ನಿಂತ ಮನೆಗಳಲ್ಲಿ ಹೆಂಡತಿಯ ಓಟ ನಿರಾತಂಕವಾಗಿ ಸಾಗುತ್ತದೆ. ಒಲಿಂಪಿಕ್ಸಿನಲ್ಲಿ ಮಹಿಳೆಯರ ಮ್ಯಾರಥಾನ್ ಸೇರಿದ್ದೇ 1984ರಲ್ಲಿ; ಅಷ್ಟು ದೂರ ಹೆಣ್ಣುದೇಹ ತಾಳದೆಂದು ವಾದಿಸುತ್ತಿದ್ದವರಿಗೆ ಉತ್ತರ ಕೊಡಲು ಅಷ್ಟು ಕಾಲ ಹಿಡಿಯಿತು. ಇವತ್ತು ದೊಡ್ಡನೆಕ್ಕುಂದಿ ಕೆರೆಯ ದಂಡೆಯ ಮೇಲೆ ಚೂಡಿದಾರದ ಮೇಲೆ ಶೂ ತೊಟ್ಟು ನಡೆಯುತ್ತ, ನಡುನಡುವೆ ಇನ್ನೂರು ಮೀಟರ್ ಓಡಿ ನೋಡುವ ಐವತ್ತರ ಗೃಹಿಣಿಯೂ ಪೂರ್ಣ ಅರ್ಥದಲ್ಲಿ ಓಟಗಾರ್ತಿಯೇ.

ವಾರದ ದೊಡ್ಡ ಓಟ ಭಾನುವಾರದ್ದು. ಓಟಗಾರರ ಬಾಯಲ್ಲಿ ಇದು ‘ಲಾಂಗ್ ರನ್’. ಹತ್ತರಿಂದ ಇಪ್ಪತ್ತು ಕಿ.ಮೀ., ಸಾಧ್ಯವಿದ್ದಷ್ಟೂ ನಿಧಾನ, ಗುಂಪಿನಲ್ಲಿ. ಕೆಲವರು ಕಾರಿನಲ್ಲಿ ಕಬ್ಬನ್ ಪಾರ್ಕಿಗೆ ಹೋಗುತ್ತಾರೆ. ಭಾನುವಾರ ಅಲ್ಲಿ ವಾಹನಗಳಿಗೆ ಪ್ರವೇಶವಿಲ್ಲ, ಮರದ ನೆರಳಲ್ಲಿ ರಸ್ತೆಯ ನಡುವೆಯೇ ಓಡಬಹುದು. ಪೂರ್ವದ ಕಡೆಯವರಿಗೆ ಇಂಥ ಒಂದು ಜಾಗ ಮನೆಯ ಹತ್ತಿರ ಇಲ್ಲದಿರುವುದು ನಿಜವಾದ ಕೊರತೆ. ಲಾಂಗ್ ರನ್ನಿನ ಮಾತುಕತೆಯೇ ಒಂದು ಸೊಗಸು. ಒಂದೂವರೆ ಗಂಟೆ ಮೊಬೈಲು ಜೇಬಿನಲ್ಲಿ, ಮುಖ ನೋಡದೆ ಪಕ್ಕಪಕ್ಕದಲ್ಲಿ ಸಾಗುವಾಗ ಜನ ಮನಸ್ಸು ಬಿಚ್ಚುತ್ತಾರೆ. ಟೆಸ್ಟಿಂಗ್ ಎಂಜಿನಿಯರು, ಬ್ಯಾಂಕಿನ ಮ್ಯಾನೇಜರು, ಜಿಮ್ಮಿನ ಟ್ರೈನರು, ಎಚ್‌ಎಎಲ್‌ನಿಂದ ನಿವೃತ್ತರಾದವರು ಒಂದೇ ಗುಂಪಿನಲ್ಲಿರುತ್ತಾರೆ. ಹಳಬರನ್ನು ‘ಸರ್’ ಎನ್ನುವುದು ಮೊದಲ ತಿಂಗಳು; ಆಮೇಲೆ ‘ಏನ್ ಗುರು, ಇವತ್ತು ಕಾಲು ಹೇಗಿದೆ?’

ಓಟ ಮುಗಿದ ಮೇಲೆ ತಿಂಡಿ. ಇದನ್ನು ಓಟದ ಭಾಗವೆಂದೇ ಪರಿಗಣಿಸಬೇಕು. ದರ್ಶಿನಿಯ ಕಟ್ಟೆಯ ಮುಂದೆ ಬೆವರಿನ ಅಂಗಿಯಲ್ಲೇ ನಿಂತು ತಿನ್ನುವ ಇಡ್ಲಿ ವಡೆ, ಖಾರಾಬಾತ್, ಮೇಲೊಂದು ಸ್ಟ್ರಾಂಗ್ ಕಾಫಿ. ದೇಹದ ದೃಷ್ಟಿಯಿಂದಲೂ ಅದು ಸರಿಯಾದ ಊಟವೇ: ಸ್ನಾಯುಗಳ ಇಂಧನವಾದ, ಓಟದಲ್ಲಿ ಖಾಲಿಯಾದ ಗ್ಲೈಕೋಜನ್ ತುಂಬಲು ಅಕ್ಕಿ, ಸ್ನಾಯುವಿಗೆ ಉದ್ದು, ಬೆವರಿನಲ್ಲಿ ಹೋದ ಉಪ್ಪಿಗೆ ಸಾಂಬಾರು. ಎಳನೀರಿನ ಗಾಡಿ ಕಂಡರೆ ಅದೂ ಒಂದು. ಮನೆಗೆ ಹೋಗಿ ರಾಗಿ ಗಂಜಿಗೆ ಮಜ್ಜಿಗೆ ಬೆರೆಸಿ ಕುಡಿಯುವವರ ಹೊಟ್ಟೆ ಇನ್ನೂ ತಂಪು.

ಗುರಿ ಇಲ್ಲದೆಯೂ ಓಡಬಹುದು, ಆದರೆ ಗುರಿಯಿದ್ದರೆ ಮಳೆಯ ಬೆಳಿಗ್ಗೆಯೂ ಎದ್ದೇಳುವುದಕ್ಕೆ ಒಂದು ನೆಪ ಸಿಗುತ್ತದೆ. ಮೊದಲ ಗುರಿ ನಿಲ್ಲದೆ ಐದು ಕಿ.ಮೀ.; ಆಮೇಲೆ ಹತ್ತು; ಆಮೇಲೆ ಹಾಫ್ ಮ್ಯಾರಥಾನ್, ಎಂದರೆ 21.1 ಕಿ.ಮೀ.; ಕೆಲವರಿಗೆ ಪೂರ್ಣ ಮ್ಯಾರಥಾನಿನ 42.195. ಆ ವಿಚಿತ್ರ ಅಂಕಿ 1908ರ ಲಂಡನ್ ಒಲಿಂಪಿಕ್ಸಿನ ದಾರಿಯಿಂದ ಬಂದದ್ದು, 1921ರಲ್ಲಿ ಅಧಿಕೃತವಾಯಿತು. ನಡುವೆ 1920ರಲ್ಲಿ ಆಂಟ್‌ವರ್ಪಿನಲ್ಲಿ ಮ್ಯಾರಥಾನ್ ಇನ್ನೂ ಉದ್ದ, 42.75 ಕಿ.ಮೀ. ಇತ್ತು. ಆ ಓಟದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಗುರಿ ಮುಟ್ಟಿ 19ನೆಯವರಾದರು. ಕಿ.ಮೀ.ಗೆ ನಾಲ್ಕು ನಿಮಿಷಕ್ಕಿಂತ ಒಂದು ಕೂದಲೆಳೆ ಕಡಿಮೆ. ಇವತ್ತಿನ ಮೆತ್ತೆ ಶೂ, ಜಿಪಿಎಸ್ ವಾಚು ಕಟ್ಟಿದವರಲ್ಲೂ ಆ ವೇಗದಲ್ಲಿ ಅಷ್ಟು ದೂರ ಓಡಬಲ್ಲ ಹವ್ಯಾಸಿಗಳು ವಿರಳ. ಕನ್ನಡ ನಾಡಿನ ಓಟಗಾರರು ಚೌಗುಲೆಯವರ ಹೆಸರನ್ನು ಈಗಿನದಕ್ಕಿಂತ ಹೆಚ್ಚು ಹೆಮ್ಮೆಯಿಂದ ಹೇಳಬೇಕು.

ಬೆಂಗಳೂರಿನ ಓಟದ ವರ್ಷದಲ್ಲಿ ದೊಡ್ಡದು 2008ರಲ್ಲಿ ಶುರುವಾದ ವರ್ಲ್ಡ್ 10ಕೆ. ಈಚಿನ ವರ್ಷಗಳಲ್ಲಿ ಅದು ಕಂಟೋನ್ಮೆಂಟಿನ ಮಾಣೆಕ್‌ಷಾ ಪರೇಡ್ ಮೈದಾನದಿಂದ ಹೊರಡುತ್ತದೆ. 2022ರಲ್ಲಿ ಕೆನ್ಯಾದ ನಿಕೋಲಸ್ ಕಿಮೇಲಿ ಈ ಹತ್ತು ಕಿ.ಮೀ.ಯನ್ನು 27 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿದರು. ಅದೇ ಬೆಳಿಗ್ಗೆ, ಅದೇ ಊರಿನ ರಸ್ತೆಗಳಲ್ಲಿ, ಎಪ್ಪತ್ತು ಎಂಬತ್ತು ನಿಮಿಷ ತೆಗೆದುಕೊಳ್ಳುವ ಸಾವಿರಾರು ಜನರೂ ಓಡುತ್ತಾರೆ. ವಿಶ್ವದರ್ಜೆಯ ಆಟಗಾರರ ಪಿಚ್ಚಿನಲ್ಲೇ ಗಲ್ಲಿ ಕ್ರಿಕೆಟಿಗರಿಗೆ ಅವಕಾಶ ಸಿಗುವುದಿಲ್ಲ, ಓಟದಲ್ಲಿ ಸಿಗುತ್ತದೆ. ಮಾರತ್ತಹಳ್ಳಿಗೆ ಹತ್ತಿರದ್ದೆಂದರೆ ವೈಟ್‌ಫೀಲ್ಡಿನಲ್ಲಿ 2007ರಿಂದ ರೋಟರಿಯವರು ನಡೆಸಿಕೊಂಡು ಬಂದ ಮಿಡ್‌ನೈಟ್ ಮ್ಯಾರಥಾನ್. ರಾತ್ರಿ ಪಾಳಿಯವರ ಊರಿಗೆ ಅದು ಸಹಜವಾಗಿಯೇ ಒಗ್ಗಿತು. ಮಣ್ಣಿನ ದಾರಿ ಇಷ್ಟಪಡುವವರು ಶ್ರೀರಂಗಪಟ್ಟಣದ ಬಳಿ ನಾಲೆಯ ದಂಡೆಯ ಕಾವೇರಿ ಟ್ರೇಲ್ ಮ್ಯಾರಥಾನಿಗೆ ಹೋಗುತ್ತಾರೆ. ಎಡಕ್ಕೆ ನೀರು, ಬಲಕ್ಕೆ ಗದ್ದೆ, ಮಧ್ಯದಲ್ಲಿ ಎತ್ತಿನ ಗಾಡಿಗೆ ದಾರಿ ಬಿಟ್ಟು ನಿಲ್ಲುವ ಓಟಗಾರರು. ಇನ್ನೂ ಗಟ್ಟಿಗರಿಗೆ ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳ ನಡುವಿನ ಮಲ್ನಾಡ್ ಅಲ್ಟ್ರಾ ಇದೆ.

ಹಾಫ್ ಮ್ಯಾರಥಾನಿಗೆ ತಯಾರಿ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳದ್ದು. ಲಾಂಗ್ ರನ್ ವಾರಕ್ಕೆ ಒಂದೋ ಎರಡೋ ಕಿ.ಮೀ. ಹೆಚ್ಚುತ್ತ ಹದಿನೆಂಟಕ್ಕೆ ಬರುತ್ತದೆ, ಮೂರು ವಾರ ಏರಿಸಿ ಒಂದು ವಾರ ಇಳಿಸುತ್ತಾರೆ, ಓಟದ ಹಿಂದಿನ ಹತ್ತು ದಿನ ದೂರ ತಗ್ಗಿಸಿ ಕಾಲಿಗೆ ಬಿಡುವು ಕೊಡುತ್ತಾರೆ. ಆ ಬಿಡುವಿನ ದಿನಗಳಲ್ಲಿ ಇಲ್ಲದ ನೋವೆಲ್ಲ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಕಿವಿಗೊಡಬಾರದು. ಹಿಂದಿನ ಸಂಜೆ ಓಟಗಾರರ ಸಂಖ್ಯೆಯಿರುವ ಬಿಬ್ಬನ್ನು ಅಂಗಿಗೆ ನಾಲ್ಕು ಪಿನ್ನಿನಿಂದ ಚುಚ್ಚಿ, ಅದರ ಹಿಂದೆ ಅಂಟಿಸಿದ ಸಮಯ ಅಳೆಯುವ ಚಿಪ್ ಮಡಚಿಲ್ಲವೆಂದು ನೋಡಿಕೊಳ್ಳುತ್ತಾರೆ. ಹೊಸ ಶೂ, ಹೊಸ ತಿಂಡಿ ಎರಡೂ ಆ ದಿನಕ್ಕೆ ನಿಷಿದ್ಧ. ಓಟ ಮುಗಿದ ಮೇಲೆ ಕೊರಳಿಗೆ ಪದಕ, ಫೋಟೋ, ಓಟ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ಅಂಕಿಗಳು, ಮನೆಯಲ್ಲಿ ಮೆಟ್ಟಿಲು ಇಳಿಯುವಾಗ ಗೋಡೆಯ ಆಸರೆ. ಹಾಫ್ ಓಡಿದವರಿಗೆ ಮೂರು ನಾಲ್ಕು ದಿನ ಪೂರ್ತಿ ವಿಶ್ರಾಂತಿ, ಹತ್ತು ದಿನ ಬರೀ ನಿಧಾನದ ಓಟ. ಪೂರ್ಣ ಮ್ಯಾರಥಾನ್ ಓಡಿದವರಿಗೆ ಎರಡು ಮೂರು ವಾರ ಬೇಕು. ಆ ಅವಧಿಯಲ್ಲಿ ಬೆಳಿಗ್ಗೆ ಐದಕ್ಕೆ ಎಚ್ಚರವಾದರೂ ಎಚ್‌ಎಎಲ್ ಕಾಂಪೌಂಡಿನ ಉದ್ದಕ್ಕೆ ನಡೆದು ಬಂದರೆ ಸಾಕು. ಮುಂದಿನ ಓಟಕ್ಕೆ ಹೆಸರು ನೋಂದಾಯಿಸುವುದನ್ನು ಮಂಡಿಯ ಬಿಗಿತ ಪೂರ್ತಿ ಹೋದ ಮೇಲೆ ಯೋಚಿಸಬಹುದು.